ಮುಚ್ಚೋ ತಾರೀಖನ್ನ ಬಾಕ್ಸ್ ಮೇಲೇ ಬರೀರಿ

ಫೋನು, ವಾಚು, ಕ್ಯಾಮೆರಾ, ಸ್ಪೀಕರು, ಆ್ಯಪು, ಕ್ಲೌಡ್ ಸರ್ವಿಸು ಅಂತ ದಿನಕ್ಕೊಂದು ಹೊಸದು ಮಾಡಿ ನಮ್ಮ ಕೈಗೆ ಕೊಡ್ತಿರೋ ಎಲ್ಲ ಕಂಪನಿಗಳೋರಿಗೆ,

ನಮಸ್ಕಾರ.

ಮೊದ್ಲೇ ಹೇಳ್ಬಿಡ್ತೀನಿ, ನಾನು ಹೊಸ ಟೆಕ್ನಾಲಜಿ ಕಂಡ್ರೆ ಮೂಗು ಮುರಿಯೋ ಜನ ಅಲ್ಲ. ಹೊಸ ಫೋನ್ ಬಂತು ಅಂದ್ರೆ ಲಾಂಚ್ ವಿಡಿಯೋ ಪೂರ್ತಿ ನೋಡ್ತೀನಿ, ಕ್ಯಾಮೆರಾದಲ್ಲಿ ತೆಗೆದ ಸ್ಯಾಂಪಲ್ ಫೋಟೋಗಳನ್ನ ಜೂಮ್ ಮಾಡಿ ಮಾಡಿ ನೋಡ್ತೀನಿ, ಪರಿಚಯದೋರು ಯಾರಾದ್ರೂ "ಯಾವ್ದು ತಗೊಳ್ಲಿ" ಅಂತ ಕೇಳಿದ್ರೆ ಅರ್ಧ ಗಂಟೆ ಖುಷಿಯಿಂದ ಮಾತಾಡ್ತೀನಿ. ನೀವು ಮಾಡಿರೋ ಕೆಲವು ವಸ್ತುಗಳು ನಿಜವಾಗ್ಲೂ ಬದುಕನ್ನ ಹಗುರ ಮಾಡಿವೆ. ನಮ್ಮ ದೊಡ್ಡಪ್ಪಂಗೆ ಕಿವಿ ಮಂದ, ಮನೇಲಿ ನಾಲ್ಕು ಜನ ಕೂತು ಮಾತಾಡ್ತಿದ್ರೆ ಅವ್ರು ಸುಮ್ನೆ ಎಲ್ಲರ ಮುಖ ನೋಡ್ತಾ ಕೂತಿರೋರು, ಈಗ ಆಡಿದ ಮಾತನ್ನ ಅಕ್ಷರ ಮಾಡಿ ತೋರ್ಸೋ ಆ್ಯಪನ್ನ ಫೋನಲ್ಲಿ ತೆರೆದಿಟ್ಕೊಂಡು ಮಧ್ಯದಲ್ಲಿ ಬಾಯಿ ಹಾಕಿ ಜಗಳಾನೂ ಆಡ್ತಾರೆ. ಇಂಥದ್ದನ್ನ ಮಾಡಿದವ್ರಿಗೆ ನಾನು ಮನಸ್ಸಿಂದ ಕೈ ಮುಗೀತೀನಿ. ಅದಕ್ಕೇ ಈ ಪತ್ರ ಬರೀತಿರೋದು. ನಿಮ್ಮ ಕೆಲಸ ಇಷ್ಟ ಆಗಿ, ಅದನ್ನ ನಂಬಿ ಮನೆಯೊಳಗೆ ತಂದಿಟ್ಕೊಂಡವನು ನಾನು, ಆ ನಂಬಿಕೆ ಬಗ್ಗೆನೇ ಒಂದಿಷ್ಟು ಮಾತಾಡ್ಬೇಕಿದೆ.

ನಾಲ್ಕು ವರ್ಷದ ಹಿಂದೆ ಅಮ್ಮಂಗೆ ಒಂದು ಡಿಜಿಟಲ್ ಫೋಟೋ ಫ್ರೇಮ್ ತಂದ್ಕೊಟ್ಟಿದ್ದೆ, ವೈಫೈ ಇರೋದು. ನಾವು ಅಕ್ಕ ತಮ್ಮಂದಿರು ಎಲ್ಲೇ ಇದ್ರೂ ಫೋನಿಂದ ಫೋಟೋ ಕಳ್ಸಿದ್ರೆ ಸೀದಾ ಅದ್ರಲ್ಲಿ ಬಂದು ಕೂರೋದು. ಅಮ್ಮಂಗೆ ಸ್ಮಾರ್ಟ್‌ಫೋನ್ ಅಂದ್ರೆ ಅಷ್ಟಕ್ಕಷ್ಟೇ, ಪಾಸ್‌ವರ್ಡು ನೋಟಿಫಿಕೇಶನ್ನು ಅಪ್‌ಡೇಟು ಎಲ್ಲ ಕಿರಿಕಿರಿ, ಆದ್ರೆ ಈ ಫ್ರೇಮಲ್ಲಿ ಏನನ್ನೂ ಒತ್ತೋ ಹಾಗೇ ಇರ್ಲಿಲ್ಲ, ಅದು ತನ್ನ ಪಾಡಿಗೆ ಮೇಜಿನ ಮೇಲೆ ಇರೋದು, ಫೋಟೋ ಬದಲಾಗ್ತಾ ಇರೋದು. ಮೊಮ್ಮಗಳಿಗೆ ಮೊದಲ ಹಲ್ಲು ಬಿದ್ದಿದ್ದು, ತಮ್ಮನ ಮಗ ಸೈಕಲ್ ಕಲಿತಿದ್ದು, ಅಕ್ಕ ಹೊಸ ಕನ್ನಡಕ ಹಾಕ್ಕೊಂಡಿದ್ದು, ಎಲ್ಲ ಅವ್ರಿಗೆ ಗೊತ್ತಾಗ್ತಿದ್ದಿದ್ದು ಆ ಫ್ರೇಮಿಂದಾನೇ. ಬೆಳಿಗ್ಗೆ ಎದ್ದು ಅದರ ಮುಂದೆ ಐದು ನಿಮಿಷ ಕೂತು, ಆಮೇಲೆ ಯಾರಿಗಾದ್ರೂ ಫೋನ್ ಮಾಡಿ "ಆ ನೀಲಿ ಅಂಗಿ ಯಾವಾಗ ತಗೊಂಡ್ಯೋ" ಅಂತ ಕೇಳೋರು. ನಾನು ತಗೊಂಡಿರೋ ಅಷ್ಟೂ ಗ್ಯಾಜೆಟ್‌ಗಳಲ್ಲಿ ಇದ್ರಷ್ಟು ಉಪಯೋಗಕ್ಕೆ ಬಂದಿದ್ದು ಇನ್ನೊಂದಿಲ್ಲ.

ಒಂದಿನ ಅಮ್ಮ ಫೋನ್ ಮಾಡಿ, "ಇದ್ಯಾಕೋ ಬರೀ ಸುತ್ತುತಾ ಇದೆ ನೋಡೋ, ನಾನೇನೂ ಮುಟ್ಟಿಲ್ಲ ಕಣೋ" ಅಂದ್ರು. ಆ ಕೊನೇ ಮಾತು ನೋಡಿ, ನಾನೇನೂ ಮುಟ್ಟಿಲ್ಲ ಅನ್ನೋದು. ಕೆಟ್ಟಿದ್ದು ನಿಮ್ಮ ಕಡೆ, ಆದ್ರೆ ತಪ್ಪು ತನ್ನದೇ ಇರಬೇಕು ಅಂತ ಹೆದರಿದ್ದು ಎಪ್ಪತ್ತು ದಾಟಿದ ಹೆಂಗಸು. ಹೋಗಿ ನೋಡಿದ್ರೆ ಸ್ಕ್ರೀನ್ ಮೇಲೆ ಒಂದು ಬಿಳಿ ಉಂಗುರ ಸುತ್ತುತಾ ಇದೆ, ಕೆಳಗೆ ಕನೆಕ್ಟಿಂಗ್ ಅಂತ ಬರ್ದಿದೆ, ಮೂಲೆಯಲ್ಲಿ ಕಿತ್ತಳೆ ಬಣ್ಣದ ಸಣ್ಣ ದೀಪ ಮಿಣುಕ್ತಾ ಇದೆ. ಅಮ್ಮ ಅದನ್ನ ಬಟ್ಟೆಯಲ್ಲಿ ಒರೆಸಿ ಒರೆಸಿ ಸ್ಕ್ರೀನ್ ಫಳಫಳ ಅಂತಿತ್ತು, ಧೂಳು ಕೂತು ಹೀಗಾಗಿರಬಹುದು ಅಂದ್ಕೊಂಡಿದ್ರಂತೆ. ನಾನು ಆಫ್ ಮಾಡಿ ಆನ್ ಮಾಡ್ದೆ, ರೂಟರ್ ರೀಸ್ಟಾರ್ಟ್ ಮಾಡ್ದೆ, ವೈಫೈ ಪಾಸ್‌ವರ್ಡ್ ಮತ್ತೆ ಹಾಕ್ದೆ, ಯಾವ್ದಕ್ಕೂ ಬಗ್ಗಲಿಲ್ಲ, ಕೊನೆಗೆ ಹಿಂದುಗಡೆ ಸಣ್ಣ ತೂತಿಗೆ ಪಿನ್ ಚುಚ್ಚಿ ಫ್ಯಾಕ್ಟರಿ ರಿಸೆಟ್ ಮಾಡ್ಬಿಟ್ಟೆ.

ಅದನ್ನ ಮಾಡ್ಬಾರದಿತ್ತು. ಫ್ರೇಮ್ ಒಳಗಿನ ಮೆಮೊರಿಯಲ್ಲಿ ಆರುನೂರು ಚಿಲ್ಲರೆ ಫೋಟೋ ಇತ್ತು, ಅಷ್ಟೂ ಅಳಿಸಿ ಹೋಯ್ತು, ಈಗ ಅದು ಹೊಸ ಫ್ರೇಮ್ ಥರ ಎದ್ದು ಕೂತು "ಆ್ಯಪ್ ಓಪನ್ ಮಾಡಿ ಲಾಗಿನ್ ಆಗಿ" ಅಂತಿದೆ, ಆ್ಯಪ್ ಓಪನ್ ಮಾಡಿದ್ರೆ ಲಾಗಿನ್ ಆಗ್ತಿಲ್ಲ, ಯಾಕಂದ್ರೆ ಆ ಕಡೆ ಲಾಗಿನ್ ತಗೊಳ್ಳೋ ಸರ್ವರ್ರೇ ಇಲ್ಲ. ಆಮೇಲೆ ಮೇಲ್‌ಬಾಕ್ಸ್ ಎಲ್ಲ ಜಾಲಾಡಿದಾಗ ಜಾಹೀರಾತಿನ ಮೇಲ್‌ಗಳ ರಾಶಿ ಒಳಗೆ ಕಂಪನಿಯಿಂದ ಬಂದಿದ್ದ ಒಂದು ಮೇಲ್ ಸಿಕ್ತು. ಮೊದಲ ನಾಲ್ಕು ಪ್ಯಾರಾ ಧನ್ಯವಾದ, ನಿಮ್ಮ ಜೊತೆ ಕಳೆದ ದಿನಗಳು ಮರೆಯೋಕಾಗಲ್ಲ ಅಂತ, ಐದನೇ ಪ್ಯಾರಾದಲ್ಲಿ ಸರ್ವಿಸ್ ನಿಲ್ಲಿಸ್ತಿದೀವಿ ಅನ್ನೋ ಒಂದು ಸಾಲು. ರಿಸೆಟ್ ಮಾಡ್ಬೇಡಿ, ಒಳಗಿನ ಫೋಟೋ ಮೊದಲು ತೆಗೆದಿಟ್ಕೊಳ್ಳಿ ಅಂತ ಎಲ್ಲೂ ಇಲ್ಲ. ಕಂಪನಿ ಹೆಸರು ಬರೆಯೋಕೆ ನಂಗಿಷ್ಟ ಇಲ್ಲ, ಯಾಕಂದ್ರೆ ಇದು ಒಂದು ಕಂಪನಿ ಕಥೆ ಅಲ್ಲ, ನಿಮ್ಮಲ್ಲಿ ಎಷ್ಟೋ ಜನ ಹೀಗೇ ಮಾಡ್ತೀರ.

ಈಗ ನೋಡಿ, ಆ ಫ್ರೇಮಿಗೆ ಏನಾಗಿದೆ? ಸ್ಕ್ರೀನ್ ಚೆನ್ನಾಗಿದೆ. ವೈಫೈ ಚಿಪ್ ಚೆನ್ನಾಗಿದೆ. ಮೆಮೊರಿ ಖಾಲಿ ಬಿದ್ದಿದೆ, ಬೇಕಾದಷ್ಟು ಜಾಗ. ಫೋಟೋ ಇರೋ ನನ್ನ ಫೋನು ಅದರಿಂದ ಒಂದು ಮಾರು ದೂರದಲ್ಲಿದೆ, ಎರಡೂ ಒಂದೇ ರೂಟರ್‌ಗೆ ಕನೆಕ್ಟ್ ಆಗಿವೆ. ಆದ್ರೂ ಫೋಟೋ ಹೋಗಲ್ಲ. ಯಾಕಂದ್ರೆ ನೀವು ಅದನ್ನ ಮಾಡಿರೋ ರೀತಿನೇ ಹಂಗೆ, ಫೋನು ಫೋಟೋನ ಎಲ್ಲೋ ಇರೋ ನಿಮ್ಮ ಸರ್ವರ್‌ಗೆ ಕಳ್ಸುತ್ತೆ, ಫ್ರೇಮು ಗಳಿಗೆಗೊಂದ್ಸಲ ಅದೇ ಸರ್ವರನ್ನ ಕೇಳಿ ಅಲ್ಲಿಂದ ಇಳಿಸ್ಕೊಳ್ಳುತ್ತೆ. ಒಂದೇ ಮೇಜಿನ ಮೇಲಿರೋ ಎರಡು ವಸ್ತು ಮಾತಾಡ್ಬೇಕಂದ್ರೆ ಕೊಂಕಣ ಸುತ್ತಿ ಮೈಲಾರಕ್ಕೆ ಬರಬೇಕು. ದೂರದಲ್ಲಿರೋರು ಫೋಟೋ ಕಳ್ಸೋಕೆ ಇದು ಬೇಕು, ಒಪ್ತೀನಿ, ಮನೆ ರೂಟರ್ ಹೊರಗಿಂದ ಬರೋ ಕನೆಕ್ಷನ್‌ಗಳನ್ನ ಸುಮ್ಸುಮ್ನೆ ಒಳಗೆ ಬಿಡಲ್ಲ, ಹಾಗಾಗಿ ಎರಡೂ ಕಡೆಯೋರು ಬಂದು ಸೇರೋಕೆ ಮಧ್ಯದಲ್ಲಿ ಒಂದು ಜಾಗ ಬೇಕಾಗುತ್ತೆ. ಆದ್ರೆ ಅದೊಂದೇ ದಾರಿ ಯಾಕೆ ಇಟ್ರಿ? ಮನೆಯೊಳಗಿಂದ ನೇರ ಕಳ್ಸೋ ದಾರಿನೂ ಒಂದಿರಲಿ ಅಂತ ಡಿಸೈನ್ ಮಾಡೋವಾಗ ಯಾರಿಗೂ ಅನ್ನಿಸ್ಲಿಲ್ವಾ? ಒಂದು ಯುಎಸ್‌ಬಿ ಕಿಂಡಿ, ಪೆನ್‌ಡ್ರೈವ್ ಹಾಕಿದ್ರೆ ಫೋಟೋ ಓದ್ಕೊಳ್ಳೋ ಹಾಗೆ, ಅಷ್ಟಿದ್ರೂ ಅಮ್ಮನ ಫ್ರೇಮ್ ಇವತ್ತು ನಡೀತಿತ್ತು. ಕಿಂಡಿ ಇದೆ, ಬರೀ ಕರೆಂಟಿಗೆ.

ಇದು ಹೊಸ ಕಥೆ ಏನಲ್ಲ. 2014ರಲ್ಲಿ ಗೂಗಲ್‌ಗೆ ಸೇರಿದ ನೆಸ್ಟ್ ಕಂಪನಿ ರಿವಾಲ್ವ್ ಅನ್ನೋ ಇನ್ನೊಂದು ಕಂಪನಿನ ಕೊಂಡ್ಕೊಂಡಿತು, ಮನೆಯ ದೀಪ, ಬೀಗ ಎಲ್ಲವನ್ನೂ ಒಂದೇ ಕಡೆಯಿಂದ ನಡೆಸೋ ಒಂದು ಹಬ್ ಮಾಡ್ತಿದ್ದೋರು ಅವ್ರು, 2016ರ ಮೇ 15ಕ್ಕೆ ಆ ಹಬ್‌ಗಳೆಲ್ಲ ಕೆಲಸ ನಿಲ್ಲಿಸಿದ್ವು. ಹಳೇದಾಗಿ ಕೆಟ್ಟಿದ್ದಲ್ಲ, ದೂರದಿಂದ ನಿಲ್ಲಿಸಿದ್ದು. ಆಗ ಎಷ್ಟು ಗಲಾಟೆ ಆಯ್ತು ಅಂದ್ರೆ, ಇನ್ಮೇಲೆ ಯಾರೂ ಹೀಗೆ ಮಾಡೋ ಧೈರ್ಯ ಮಾಡಲ್ಲ ಅಂದ್ಕೊಂಡಿದ್ದೆ. ಎಂಟು ವರ್ಷ ಆದ್ಮೇಲೆ ಹ್ಯೂಮೇನ್ ಕಂಪನಿಯ ಎಐ ಪಿನ್ ಬಂತಲ್ಲ, ಅಂಗಿಗೆ ಸಿಕ್ಕಿಸ್ಕೊಳ್ಳೋದು, ಅಂಗೈ ಮೇಲೆ ಬೆಳಕಲ್ಲಿ ಅಕ್ಷರ ಮೂಡಿಸೋದು, ಫೋನೇ ಬೇಡ ಅನ್ನೋ ಹಾಗೆ ಮಾತಾಡಿದ್ರು. 2024ರ ಏಪ್ರಿಲ್‌ನಲ್ಲಿ ಜನರ ಕೈಗೆ ಸೇರಿತು, 2025ರ ಫೆಬ್ರವರಿಯಲ್ಲಿ ಕಂಪನಿಯ ಬಹುಪಾಲನ್ನ ಎಚ್‌ಪಿ ಕೊಂಡ್ಕೊಳ್ತು, ಹತ್ತು ದಿನದ ನೋಟೀಸ್ ಕೊಟ್ಟು ಫೆಬ್ರವರಿ 28ಕ್ಕೆ ಪಿನ್‌ಗಳ ಸರ್ವರ್ ನಿಲ್ಲಿಸಿದ್ರು. ಒಂದು ವರ್ಷ ಕೂಡ ತುಂಬಿರಲಿಲ್ಲ. ಕಾಲ್ ಹೋಗಲ್ಲ, ಮೆಸೇಜ್ ಹೋಗಲ್ಲ, ಪ್ರಶ್ನೆ ಕೇಳಿದ್ರೆ ಉತ್ತರ ಬರಲ್ಲ, ಆದ್ರೆ ಬ್ಯಾಟರಿ ಎಷ್ಟಿದೆ ಅಂತ ಮಾತ್ರ ನೋಡಬಹುದು ಅಂತ ಕಂಪನಿಯೋರೇ ಬರ್ದಿದ್ರು. ನಂಗದು ಓದಿ ಬಹಳ ಬೇಜಾರಾಯ್ತು. ಮೊದಲ ಬ್ಯಾಚಲ್ಲಿ ತಗೊಳ್ಳೋರು ಯಾರು ಹೇಳಿ, ನಿಮ್ಮ ಮಾತನ್ನ ಎಲ್ಲರಿಗಿಂತ ಮೊದ್ಲು ನಂಬೋರು. ಅವ್ರಿಗೇ ಹೀಗಾದ್ರೆ ಮುಂದಿನ ಒಳ್ಳೇ ಐಡಿಯಾನ ನಂಬೋರು ಯಾರು?

ವೆಬ್ ಸರ್ವಿಸ್‌ಗಳದ್ದೂ ಇದೇ ಹಾಡು, ಅಲ್ಲಿ ಕೈಯಲ್ಲಿ ಹಿಡಿಯೋ ವಸ್ತು ಇಲ್ಲ ಅನ್ನೋದೊಂದೇ ವ್ಯತ್ಯಾಸ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ತು. 2003ರಿಂದ ಇದ್ದ ಸ್ಕೈಪು 2025ರ ಮೇನಲ್ಲಿ ಹೋಯ್ತು, ದೂರದ ದೇಶದಲ್ಲಿದ್ದ ಮಕ್ಕಳ ಮುಖನ ಎಷ್ಟೋ ಅಪ್ಪ ಅಮ್ಮಂದಿರು ಮೊದಲ ಸಲ ಕಂಪ್ಯೂಟರಲ್ಲಿ ನೋಡಿದ್ದು ಅದರಲ್ಲೇ. ಮೈಸ್ಪೇಸ್ ಅನ್ನೋ ಸೋಶಿಯಲ್ ಸೈಟ್ ಅಂತೂ ಬಾಗಿಲು ಮುಚ್ಚದೇನೇ, 2015ಕ್ಕಿಂತ ಹಿಂದೆ ಜನ ಹಾಕಿದ್ದ ಹಾಡು, ಫೋಟೋ, ವಿಡಿಯೋಗಳನ್ನ ಸರ್ವರ್ ಬದಲಾಯಿಸೋವಾಗ ಕಳ್ಕೊಂಡುಬಿಡ್ತು, 2019ರಲ್ಲಿ ಆ ವಿಷಯ ಎಲ್ಲರಿಗೂ ಗೊತ್ತಾಯ್ತು. ಬೇರೆಲ್ಲೂ ಕಾಪಿ ಇಟ್ಕೊಳ್ದೇ ಅಲ್ಲೇ ಹಾಕಿದ್ದ ಹುಡುಗರ ಬ್ಯಾಂಡುಗಳ ಹಾಡುಗಳಲ್ಲಿ ಬಹಳಷ್ಟು ಇನ್ನು ಯಾವತ್ತೂ ಸಿಗಲ್ಲ.

ಆದ್ರೆ ಎಲ್ಲ ಸಾವೂ ಒಂದೇ ಥರ ಅಲ್ಲ, ಇದನ್ನ ಗಮನಿಸಿ. ಬೇರೆ ಬೇರೆ ಸೈಟ್‌ಗಳಲ್ಲಿ ಬಂದ ಹೊಸ ಬರಹಗಳನ್ನ ಒಂದೇ ಕಡೆ ತಂದು ತೋರಿಸ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ಮುಚ್ಚಿದಾಗ ನಂಗೆ ಸಂಕಟ ಆಗಿತ್ತು, ದಿನಾ ಬೆಳಿಗ್ಗೆ ಅದರಲ್ಲೇ ಓದ್ತಿದ್ದೆ, ಆದ್ರೆ ಕಳ್ಕೊಂಡಿದ್ದು ಕಮ್ಮಿ. ಯಾಕಂದ್ರೆ ಅದು ಓದ್ತಿದ್ದಿದ್ದು ಆರ್‌ಎಸ್‌ಎಸ್ ಅನ್ನೋ, ಸೈಟ್‌ಗಳು ತಮ್ಮ ಹೊಸ ಬರಹಗಳ ಪಟ್ಟಿ ಕೊಡೋಕೆ ಬಳಸೋ, ಯಾರ ಸ್ವಂತದ್ದೂ ಅಲ್ಲದ ಫಾರ್ಮ್ಯಾಟು. ನಾನು ಓದ್ತಿದ್ದ ಸೈಟ್‌ಗಳ ಪಟ್ಟಿ ಒಂದು ಸಣ್ಣ ಫೈಲಾಗಿ ಇಳೀತು, ಅದನ್ನ ಇನ್ನೊಂದು ಕಡೆ ಹಾಕ್ದೆ, ಹತ್ತು ನಿಮಿಷದಲ್ಲಿ ಎಲ್ಲ ಮೊದಲಿನಂಗೆ. ಇಮೇಲೂ ಹಂಗೇ ಅಲ್ವಾ, ಒಬ್ರಿಂದ ಇನ್ನೊಬ್ರಿಗೆ ಮೇಲ್ ತಲುಪಿಸೋ ನಿಯಮ ಎಸ್‌ಎಂಟಿಪಿ ಅಂತ 1982ರಲ್ಲಿ ಬರೆದಿಟ್ಟಿದ್ದು, ಅದರ ಮೇಲೇ ಈಗ್ಲೂ ನಡೀತಿದೆ, ನಡುವೆ ಎಷ್ಟು ಕಂಪನಿ ಬಂದ್ವು ಎಷ್ಟು ಹೋದ್ವು, ಇಮೇಲ್ ಸಾಯಲಿಲ್ಲ. ನಿಮ್ಮ ಅಂಗಡಿ ಮುಚ್ಚೋದರ ಬಗ್ಗೆ ನಂಗೆ ಅಂಥಾ ಸಿಟ್ಟಿಲ್ಲ ನೋಡಿ, ಹೋಗೋವಾಗ ನಮ್ಮ ಸಾಮಾನನ್ನೂ ಒಳಗೇ ಇಟ್ಟು ಬೀಗ ಹಾಕ್ಕೊಂಡು ಹೋಗ್ತೀರಲ್ಲ, ಸಿಟ್ಟು ಅದರ ಮೇಲೆ.

ಹಂಗಂತ ಡೌನ್‌ಲೋಡ್ ಬಟನ್ ಒಂದಿಟ್ಬಿಟ್ರೆ ಮುಗೀತು ಅಂದ್ಕೋಬೇಡಿ. ನಾನು ಒಂದು ಸರ್ವಿಸಲ್ಲಿ ಎಂಟೊಂಬತ್ತು ವರ್ಷ ಟಿಪ್ಪಣಿ ಬರ್ದಿಟ್ಟಿದ್ದೆ. ಅಪ್ಪನ ಕೊನೇ ದಿನಗಳಲ್ಲಿ ಡಾಕ್ಟರ್ ಹೇಳಿದ್ದು, ಮಾತ್ರೆ ಬದಲಾಯಿಸಿದ್ದು, ರಾತ್ರಿ ಅವ್ರ ಪಕ್ಕ ಕೂತು ಬರ್ದಿದ್ದು ಎಲ್ಲ ಅದರಲ್ಲಿತ್ತು. ಅವ್ರೂ ಮುಚ್ಚಿದ್ರು, ಮೂವತ್ತು ದಿನ ಟೈಮ್ ಕೊಟ್ರು, ಎಕ್ಸ್‌ಪೋರ್ಟ್ ಬಟನ್ ಒತ್ತಿದೆ, ಒಂದು ದೊಡ್ಡ ಜಿಪ್ ಫೈಲ್ ಬಂತು. ಬಿಚ್ಚಿ ನೋಡಿದ್ರೆ ಸಾವಿರಾರು ಫೈಲು, ಒಂದಕ್ಕೂ ನಾನಿಟ್ಟ ಹೆಸರಿಲ್ಲ, ಉದ್ದುದ್ದ ನಂಬರುಗಳು. ಎಲ್ಲದರ ತಾರೀಖೂ ನಾನು ಡೌನ್‌ಲೋಡ್ ಮಾಡಿದ ದಿನದ್ದೇ. ಬರೆದ ನಿಜವಾದ ತಾರೀಖು ಜೇಸನ್ ಅನ್ನೋ, ಪ್ರೋಗ್ರಾಮುಗಳು ಓದೋ ಥರದ ಬೇರೆ ಒಂದು ಫೈಲಲ್ಲಿ, ಅದೂ 1970ರಿಂದ ಎಣಿಸಿದ ಸೆಕೆಂಡುಗಳ ಲೆಕ್ಕದಲ್ಲಿ. ಕಂಪ್ಯೂಟರ್ ಕೆಲಸ ಗೊತ್ತಿರೋ ಗೆಳೆಯ ಒಬ್ಬ ಎರಡು ಸಂಜೆ ಕೂತು ಒಂದು ಸ್ಕ್ರಿಪ್ಟ್ ಬರ್ದು ಎಲ್ಲ ಜೋಡಿಸ್ಕೊಟ್ಟ. ಅಂಥ ಗೆಳೆಯ ಇಲ್ದೋರು ಏನು ಮಾಡ್ಬೇಕು? ಯುರೋಪಿನ ಜಿಡಿಪಿಆರ್ ಕಾನೂನು 2018ರಿಂದ ಜಾರಿಯಲ್ಲಿದೆ, ಒಬ್ರ ಡೇಟಾನ ಅವ್ರಿಗೆ ವಾಪಸ್ ಕೊಡೋವಾಗ ಎಲ್ರೂ ಬಳಸೋ, ಕಂಪ್ಯೂಟರ್ ಓದಬಹುದಾದ ರೂಪದಲ್ಲಿ ಕೊಡಿ ಅಂತ ಹೇಳುತ್ತೆ. ಸರಿ, ಜೇಸನ್ ಫೈಲನ್ನ ಕಂಪ್ಯೂಟರ್ ಓದುತ್ತೆ. ಆದ್ರೆ ಅಪ್ಪಂಗೆ ಯಾವತ್ತು ಜ್ವರ ಬಂತು ಅಂತ ನೋಡ್ಬೇಕಾಗಿರೋದು ನಾನು. ಮನುಷ್ಯರು ಓದೋ ಹಾಗೂ ಕೊಡಿ.

ಇನ್ನು ಆ "ಕೊಳ್ಳಿ" ಅನ್ನೋ ಬಟನ್. ಸಿನಿಮಾ, ಇ-ಪುಸ್ತಕ, ಗೇಮ್ ಯಾವ್ದೇ ತಗೊಂಡ್ರೂ ಬಟನ್ ಮೇಲೆ ಕೊಳ್ಳಿ ಅಂತಿರುತ್ತೆ, ಕೆಳಗೆ ಯಾರೂ ಓದದ ಷರತ್ತಲ್ಲಿ ಇದು ಲೈಸೆನ್ಸು, ಯಾವಾಗ ಬೇಕಾದ್ರೂ ವಾಪಸ್ ತಗೊಬಹುದು ಅಂತಿರುತ್ತೆ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಜನ ಕೊಂಡಿದ್ದ ಪುಸ್ತಕಗಳೂ ಹೋದ್ವು, ದುಡ್ಡು ವಾಪಸ್ ಕೊಟ್ರು, ಅದು ಒಳ್ಳೇದೇ, ಆದ್ರೆ ಕಪಾಟಿಂದ ಪುಸ್ತಕ ತಗೊಂಡು ಹೋಗಿ ಆ ಜಾಗದಲ್ಲಿ ದುಡ್ಡಿಟ್ರೆ ಯಾರಿಗೆ ಸರಿ ಅನ್ಸುತ್ತೆ? ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಬಂದಿದೆ, ನೀವು ಕೊಡ್ತಿರೋದು ಲೈಸೆನ್ಸ್ ಮಾತ್ರ ಅಂತ ಗಿರಾಕಿಗೆ ಎದ್ದು ಕಾಣೋ ಹಾಗೆ ತಿಳಿಸ್ದೇ "ಕೊಳ್ಳಿ" ಅನ್ನೋ ಪದ ಬಳಸೋ ಹಾಗಿಲ್ಲ. ಒಂದು ಪದಕ್ಕೋಸ್ಕರ ಕಾನೂನು ಮಾಡ್ಬೇಕಾಗಿ ಬಂತು ಅಂದ್ರೆ ಆ ಪದಕ್ಕೆ ಜನ ಎಷ್ಟು ಬೆಲೆ ಕೊಡ್ತಾರೆ ಅಂತ ನಿಮಗೂ ಅರ್ಥ ಆಗ್ಬೇಕು. ಬಾಡಿಗೆ ಅಂದ್ರೆ ಬಾಡಿಗೆ ಅಂತ್ಲೇ ಬರೀರಿ, ನಾವು ಬಾಡಿಗೆಗೂ ತಗೋತೀವಿ, ಎಷ್ಟೋ ಸಲ ಅದೇ ಸಾಕು ನಮಗೆ.

ನೀವು ಏನು ಉತ್ತರ ಹೇಳ್ತೀರ ಅಂತ ನಂಗೊತ್ತು, ಅದರಲ್ಲಿ ಅರ್ಧ ನಿಜಾನೂ ಹೌದು. ಸರ್ವರ್ ನಡ್ಸೋಕೆ ತಿಂಗಳು ತಿಂಗಳು ಖರ್ಚಿದೆ, ಫ್ರೇಮನ್ನ ಒಂದ್ಸಲ ಮಾರಿ ಜೀವನ ಪೂರ್ತಿ ಸರ್ವರ್ ನಡ್ಸಿ ಅಂದ್ರೆ ಲೆಕ್ಕ ಕೂಡಲ್ಲ. ಆಮೇಲೆ ಸೆಕ್ಯುರಿಟಿ. ಅಪ್‌ಡೇಟ್ ಸಿಗದ ಹಳೇ ಡಿವೈಸು ಮನೆ ನೆಟ್‌ವರ್ಕಲ್ಲಿ ಕೂತಿರೋದು ಒಳ್ಳೇದಲ್ಲ, 2016ರ ಅಕ್ಟೋಬರ್‌ನಲ್ಲಿ ಮಿರಾಯ್ ಅನ್ನೋ ಮಾಲ್‌ವೇರು ಫ್ಯಾಕ್ಟರಿ ಪಾಸ್‌ವರ್ಡನ್ನೇ ಇಟ್ಕೊಂಡಿದ್ದ ಕ್ಯಾಮೆರಾ, ರೂಟರುಗಳನ್ನ ಹಿಡಿದು ಅವುಗಳಿಂದಾನೇ, ಸೈಟಿನ ಹೆಸರು ಹೇಳಿದ್ರೆ ಅದರ ಅಡ್ರೆಸ್ ಹುಡುಕಿಕೊಡೋ ಡೈನ್ ಕಂಪನಿಯ ಸರ್ವರುಗಳ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್ ಅಂಥ ಸೈಟುಗಳೇ ಎಷ್ಟೋ ಜನಕ್ಕೆ ತೆರೀತಿರಲಿಲ್ಲ. ಹಾಗಾಗಿ ನಾನು ಯಾವಾಗಲೂ ನಡೆಸ್ತಾನೇ ಇರಿ ಅಂತ ಕೇಳ್ತಿಲ್ಲ. ಯಾವ ವಸ್ತುವೂ ಯಾವಾಗಲೂ ಇರಲ್ಲ, ಅದು ನಮಗೂ ಗೊತ್ತು, ನಮ್ಮ ಹಳೇ ರೇಡಿಯೋನೂ ಒಂದಿನ ನಿಂತೇ ನಿಲ್ತು.

ನಾನು ಕೇಳ್ತಿರೋದು, ತಾರೀಖು ಹೇಳಿ ಅಂತ. ಮಾರೋ ದಿನಾನೇ ಹೇಳಿ. ಬಾಕ್ಸ್ ಮೇಲೆ ಬಣ್ಣ ಬಣ್ಣದಲ್ಲಿ ಎಷ್ಟು ಮೆಗಾಪಿಕ್ಸೆಲ್, ಎಷ್ಟು ಗಂಟೆ ಬ್ಯಾಟರಿ ಅಂತ ಬರೀತೀರಲ್ಲ, ಅದರ ಪಕ್ಕದಲ್ಲೇ ಅದೇ ಸೈಜಿನ ಅಕ್ಷರದಲ್ಲಿ "ಈ ವಸ್ತುವಿನ ಸರ್ವರ್ ಇಷ್ಟನೇ ಇಸವಿ ತನಕ ಖಂಡಿತ ಇರುತ್ತೆ, ಆಮೇಲೆ ಇಷ್ಟು ಕೆಲಸ ಇಂಟರ್ನೆಟ್ ಇಲ್ದೇನೂ ನಡೆಯುತ್ತೆ" ಅಂತ ಬರೀರಿ. ಮಾತ್ರೆ ಪಟ್ಟಿ ಮೇಲೆ ಎಕ್ಸ್‌ಪೈರಿ ಡೇಟ್ ಇಲ್ವಾ, ಹಂಗೆ. ಇದು ಆಗದ ಮಾತೇನಲ್ಲ. ಬ್ರಿಟನ್ನಲ್ಲಿ 2024ರ ಏಪ್ರಿಲ್ 29ರಿಂದ ಇಂಟರ್ನೆಟ್‌ಗೆ ಕನೆಕ್ಟ್ ಆಗೋ ಗ್ರಾಹಕ ವಸ್ತುಗಳಿಗೆ ಕಮ್ಮಿ ಅಂದ್ರೆ ಎಲ್ಲಿ ತನಕ ಸೆಕ್ಯುರಿಟಿ ಅಪ್‌ಡೇಟ್ ಕೊಡ್ತೀವಿ ಅಂತ ತಯಾರಕರು ಹೇಳ್ಲೇಬೇಕು ಅಂತ ಕಾನೂನಿದೆ, ಎಲ್ಲ ಡಿವೈಸಿಗೂ ಒಂದೇ ಫ್ಯಾಕ್ಟರಿ ಪಾಸ್‌ವರ್ಡ್ ಇಡೋ ಹಾಗಿಲ್ಲ ಅಂತ್ಲೂ ಅದೇ ಕಾನೂನು ಹೇಳುತ್ತೆ. ಯುರೋಪಲ್ಲಿ 2025ರ ಜೂನ್ 20ರಿಂದ ಫೋನು, ಟ್ಯಾಬ್ಲೆಟ್‌ಗಳಿಗೆ ಇನ್ನೂ ಬಿಗಿ ನಿಯಮ ಬಂದಿದೆ, ಒಂದು ಮಾಡೆಲ್ ಮಾರೋದು ನಿಲ್ಲಿಸಿದ ಮೇಲೂ 5 ವರ್ಷ ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟು, 7 ವರ್ಷ ಮುಖ್ಯವಾದ ಬಿಡಿ ಭಾಗಗಳು ಸಿಗಬೇಕು, ಬ್ಯಾಟರಿ 800 ಸಲ ಚಾರ್ಜ್ ಆದ್ಮೇಲೂ 80 ಪರ್ಸೆಂಟ್ ಹಿಡ್ಕೋಬೇಕು. ಕಾನೂನಿಗೂ ಮೊದ್ಲೇ ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ 7 ವರ್ಷ ಅಪ್‌ಡೇಟ್ ಅಂತ ಹೇಳ್ತು, ಮುಂದಿನ ಜನವರಿಯಲ್ಲೇ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ಗೆ ಅಷ್ಟೇ ವರ್ಷ ಅಂತು. ನೋಡಿ, ಒಬ್ರು ತಾರೀಖು ಹೇಳಿದ ತಕ್ಷಣ ಇನ್ನೊಬ್ರೂ ಹೇಳ್ಬೇಕಾಯ್ತು. ಫೋನಿಗೆ ಆಗೋದಾದ್ರೆ ಫೋಟೋ ಫ್ರೇಮಿಗೆ, ಡೋರ್‌ಬೆಲ್ಲಿಗೆ, ಮಗುವಿನ ರೂಮಿನ ಕ್ಯಾಮೆರಾಗೆ ಯಾಕಾಗಲ್ಲ?

ತಾರೀಖು ಗೊತ್ತಿದ್ರೆ ನಾವು ಅದಕ್ಕೆ ತಕ್ಕ ಹಾಗೆ ಯೋಚನೆ ಮಾಡ್ತೀವಿ. ಮೂರು ವರ್ಷ ಸಾಕು ಅನ್ನೋರು ತಗೋತಾರೆ, ಹತ್ತು ವರ್ಷ ಬೇಕು ಅನ್ನೋರು ಬೇರೆ ನೋಡ್ತಾರೆ. ಬಾಕ್ಸ್ ಮೇಲೆ ನಾಲ್ಕು ವರ್ಷ ಅಂತ ಇದ್ದಿದ್ರೆ ನಾನು ಅಮ್ಮಂಗೆ ಆ ಫ್ರೇಮ್ ತರ್ತಾನೇ ಇರ್ಲಿಲ್ಲ ಅಂತಲ್ಲ, ಬಹುಶಃ ತರ್ತಿದ್ದೆ, ಆದ್ರೆ ನಾಲ್ಕನೇ ವರ್ಷದಲ್ಲಿ ಒಂದಿನ ಕೂತು ಎಲ್ಲ ಫೋಟೋ ಕಾಪಿ ಮಾಡಿಟ್ಕೋತಿದ್ದೆ, ಅಮ್ಮಂಗೂ ಮೊದ್ಲೇ ಹೇಳಿರ್ತಿದ್ದೆ.

ಇನ್ನೊಂದು, ಮುಚ್ಚೋ ದಿನ ಬಂದಾಗ ಕೀಲಿಕೈ ಬಿಟ್ಟು ಹೋಗಿ. ಇದನ್ನ ಮಾಡಿ ತೋರ್ಸಿರೋರು ನಿಮ್ಮ ಮಧ್ಯಾನೇ ಇದಾರೆ. ಗೂಗಲ್ ತನ್ನ ಸ್ಟೇಡಿಯಾ ಗೇಮಿಂಗ್ ಸರ್ವಿಸನ್ನ 2023ರ ಜನವರಿಯಲ್ಲಿ ಮುಚ್ತು, ತನ್ನ ಅಂಗಡಿಯಲ್ಲಿ ಜನ ಕೊಂಡಿದ್ದ ಗೇಮು, ಕಂಟ್ರೋಲರುಗಳ ದುಡ್ಡು ವಾಪಸ್ ಕೊಡ್ತು, ಅಷ್ಟಕ್ಕೇ ಬಿಡ್ದೆ ಅವ್ರ ಸರ್ವಿಸ್ ಇಲ್ದಿದ್ರೆ ವೈರಿಲ್ದೆ ಎಲ್ಲೂ ನಡೀದೇ ಇರ್ತಿದ್ದ ಆ ಕಂಟ್ರೋಲರಲ್ಲಿ ಬ್ಲೂಟೂತ್ ತೆರೆಯೋ ಒಂದು ಟೂಲನ್ನೂ ಕೊಡ್ತು, ಹಾಗಾಗಿ ಆ ಟೂಲ್ ಬಳಸಿ ಬದಲಾಯಿಸ್ಕೊಂಡೋರ ಕಂಟ್ರೋಲರು ಈಗ ಬೇರೆ ಗೇಮಿಗೂ ನಡೆಯುತ್ತೆ. ಎಷ್ಟು ಸಣ್ಣ ಕೆಲಸ, ಲಕ್ಷಗಟ್ಟಲೆ ಬೇಡ, ಹತ್ತು ಕಂಟ್ರೋಲರ್ ಕಸದ ಬುಟ್ಟಿಗೆ ಬೀಳೋದು ತಪ್ಪಿದ್ರೂ ಅದು ದೊಡ್ಡದೇ ಅಂತೀನಿ ನಾನು.

ಪೆಬಲ್ ವಾಚಿನ ಕಥೆ ನಂಗೆ ಇನ್ನೂ ಇಷ್ಟ. 2012ರಲ್ಲಿ ಜನ ಕಿಕ್‌ಸ್ಟಾರ್ಟರಲ್ಲಿ ಮುಂಗಡ ದುಡ್ಡು ಹಾಕಿ ಹುಟ್ಟಿಸಿದ ವಾಚು ಅದು, 2016ರ ಕೊನೆಯಲ್ಲಿ ಕಂಪನಿ ಮುಚ್ತು, ಸಾಫ್ಟ್‌ವೇರ್ ಎಲ್ಲ ಫಿಟ್‌ಬಿಟ್ ಅನ್ನೋ ಇನ್ನೊಂದು ಕಂಪನಿ ಪಾಲಾಯ್ತು, 2018ರ ಜೂನ್ 30ಕ್ಕೆ ಸರ್ವರ್ ನಿಂತ್ವು. ಆದ್ರೆ ವಾಚ್ ಇಟ್ಕೊಂಡಿದ್ದ ಜನಾನೇ ಸೇರ್ಕೊಂಡು ರೆಬಲ್ ಅಂತ ಒಂದು ಗುಂಪು ಮಾಡಿ, ಹವಾಮಾನ, ಆ್ಯಪ್ ಸ್ಟೋರು ಎಲ್ಲಕ್ಕೂ ತಮ್ಮದೇ ಸರ್ವರ್ ನಿಲ್ಲಿಸಿದ್ರು. ಇದು ಆಗಿದ್ದು ಯಾಕೆ ಗೊತ್ತಾ, ಸರ್ವರ್ ನಿಲ್ಲಿಸೋಕೆ ಮೊದಲು ವಾಚಿನ ಜೊತೆ ನಡೆಯೋ ಫೋನ್ ಆ್ಯಪಿಗೆ ಒಂದು ಕೊನೇ ಅಪ್‌ಡೇಟ್ ಕೊಟ್ಟಿದ್ರು, ಬೇಕಾದೋರು ಬೇರೆ ಸರ್ವರ್‌ಗೆ ತಿರುಗಿಸ್ಕೊಳ್ಳೋ ಹಾಗೆ. ಒಂದು ಸಣ್ಣ ಕಿಟಕಿ ತೆಗೆದಿಟ್ಟು ಹೋಗಿದ್ರು ಅಷ್ಟೇ, ಉಳಿದಿದ್ದನ್ನ ಜನ ಮಾಡ್ಕೊಂಡ್ರು. ಆಮೇಲೆ ಫಿಟ್‌ಬಿಟ್ಟನ್ನ ಕೊಂಡ ಗೂಗಲ್ಲು 2025ರ ಜನವರಿಯಲ್ಲಿ ಪೆಬಲ್ ಆಪರೇಟಿಂಗ್ ಸಿಸ್ಟಮ್‌ನ ಸೋರ್ಸ್ ಕೋಡನ್ನೇ ಎಲ್ಲರಿಗೂ ಬಿಟ್ಟುಕೊಡ್ತು. ಸತ್ತು ಹೋಯ್ತು ಅಂದ ವಾಚು ಮತ್ತೆ ಉಸಿರಾಡ್ತು.

ಈ ಪತ್ರನ ಕಂಪನಿ ಒಳಗೆ ಕೂತು ಕೋಡ್ ಬರಿಯೋರು ಯಾರಾದ್ರೂ ಓದ್ತಿದ್ರೆ, ಒಂದು ಮಾತು ನಿಮಗೆ ಬೇರೆಯಾಗಿ. ಮುಚ್ಚೋ ತೀರ್ಮಾನ ನಿಮ್ಮದಲ್ಲ ಅಂತ ಗೊತ್ತು, ಎಷ್ಟೋ ಸಲ ಅದೇ ದಿನ ನಿಮ್ಮ ಕೆಲಸಾನೂ ಹೋಗಿರುತ್ತೆ. ಆದ್ರೆ ಸರ್ವರ್ ಅಡ್ರೆಸ್ಸನ್ನ ಕೋಡ್ ಒಳಗೇ ಹೂಳ್ಬೇಕಾ, ಇಲ್ಲ ಸೆಟ್ಟಿಂಗಲ್ಲಿ ಬದಲಾಯಿಸೋ ಹಾಗೆ ಇಡ್ಬೇಕಾ ಅನ್ನೋದು ಒಂದು ಮಧ್ಯಾಹ್ನ ನೀವೇ ತಗೊಂಡಿರೋ ತೀರ್ಮಾನ. ಸರ್ವರ್ ಸಿಗಲಿಲ್ಲ ಅಂದ್ರೆ ಬರೀ ಉಂಗುರ ಸುತ್ತಿಸ್ಬೇಕಾ, ಇಲ್ಲ "ನಿಮ್ಮದೇನೂ ತಪ್ಪಿಲ್ಲ, ಸರ್ವಿಸ್ ನಿಂತಿದೆ, ರಿಸೆಟ್ ಮಾಡ್ಬೇಡಿ, ಒಳಗಿರೋ ಫೋಟೋ ಹಾಗೇ ಇರುತ್ತೆ" ಅಂತ ತೋರಿಸ್ಬೇಕಾ ಅನ್ನೋದೂ ನಿಮ್ಮ ಕೈಲಿದೆ. ಆ ಎರಡು ಸಾಲು ಬರ್ದಿದ್ರೆ ನಮ್ಮಮ್ಮ ಫ್ರೇಮ್ ಒರೆಸ್ತಾ ಕೂತಿರ್ತಿರ್ಲಿಲ್ಲ, ನಾನು ಪಿನ್ ಚುಚ್ಚುತಿರ್ಲಿಲ್ಲ.

ನನ್ನ ಥರ ತಗೊಳ್ಳೋ ಜನಾನೂ ಅಂಗಡಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳೋಕೆ ಶುರು ಮಾಡಿದ್ರೆ ಚೆನ್ನಾಗಿರುತ್ತೆ, ಇಂಟರ್ನೆಟ್ ಇಲ್ದೆ ಇದು ಏನೇನು ಮಾಡುತ್ತೆ ಅಂತ. ನಾನೀಗ ಅದನ್ನೇ ಮೊದ್ಲು ಕೇಳೋದು. ಮನೆ ದೀಪಗಳನ್ನ ತಗೊಳ್ಳೋವಾಗ ಮ್ಯಾಟರ್ ಅನ್ನೋ ಸ್ಟ್ಯಾಂಡರ್ಡ್ ಇರೋದೇ ನೋಡಿ ತಗೊಂಡೆ, 2022ರಲ್ಲಿ ಬಂದಿದ್ದು, ದೊಡ್ಡ ದೊಡ್ಡ ಕಂಪನಿಗಳು ಸೇರಿ ಮಾಡಿದ್ದು, ಅದರಲ್ಲಿ ಮನೆಯೊಳಗಿನ ಡಿವೈಸುಗಳು ಮನೆ ನೆಟ್‌ವರ್ಕಲ್ಲೇ ಮಾತಾಡ್ಕೊಳ್ಳುತ್ವೆ. ಒಂದಿನ ಇಂಟರ್ನೆಟ್ ಹೋಗಿತ್ತು, ದೀಪ ಫೋನಿಂದಾನೇ ಹತ್ಕೊಳ್ತು. ಅವತ್ತು ನಂಗಾದ ಸಮಾಧಾನ ಹೇಳೋಕಾಗಲ್ಲ.

ಅಮ್ಮಂಗೆ ಈಗ ಅಕ್ಕ ಫೋಟೋಗಳನ್ನ ಪ್ರಿಂಟ್ ಹಾಕಿಸಿ ಆಲ್ಬಮ್ ಮಾಡಿಕೊಟ್ಟಿದಾಳೆ, ಅದನ್ನ ತಿರುವಿ ಹಾಕ್ತಾರೆ, ಆದ್ರೆ ಹೊಸದು ತಾನಾಗೇ ಬರಲ್ವಲ್ಲ ಅಂತಾರೆ. ಫ್ರೇಮನ್ನ ಎಸೆದಿಲ್ಲ. ಅದನ್ನ ಮಾಡಿದ ಕಂಪನಿಯೋರು ಇದನ್ನ ಓದ್ತಿದ್ರೆ ಕೇಳ್ಕೊಳ್ಳಿ, ಅದಕ್ಕೊಂದು ಕೊನೇ ಅಪ್‌ಡೇಟ್ ಬಿಡಿ, ಲಾಗಿನ್ ಇಲ್ದೆ ಮನೆ ವೈಫೈಯಿಂದ ಫೋಟೋ ತಗೊಳ್ಳೋ ಹಾಗೆ, ಅದೊಂದೇ ಸಾಕು. ಆ ಕಿಂಡಿಯಲ್ಲಿ ಬರೀ ಕರೆಂಟ್ ಅಲ್ದೆ ಡೇಟಾನೂ ಹೋಗುತ್ತೆ ಅನ್ನೋದಾದ್ರೆ ಆ ಫೈಲನ್ನ ನಾನೇ ಹಾಕ್ಕೋತೀನಿ, ಕೇಬಲ್ಲು ಫ್ರೇಮ್ ಹಿಂದೆನೇ ಸುತ್ತಿ ಇಟ್ಟಿದೀನಿ.

ಇಂತಿ,
ನಿಮ್ಮ ವಸ್ತುಗಳನ್ನ ನಂಬಿ ಮನೆಗೆ ತಂದ ಒಬ್ಬ ಗಿರಾಕಿ